ಅಜ್ಜನ ಕ್ಯಾಮೆರಾಕ್ಕೆ ರೀಲು ಎಲ್ಲಿ ಸಿಗುತ್ತದೆ, ತೊಳೆಯುವವರು ಯಾರು?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿ ನಮ್ಮದು. ಅಟ್ಟ ಗುಡಿಸುವಾಗ ಅಜ್ಜನ ಆಗ್ಫಾ ಕ್ಲಿಕ್ 3 ಸಿಕ್ಕಿತು. ಜೊತೆಗೆ ಮಾವನ ಯಾಶಿಕಾ ಎಲೆಕ್ಟ್ರೋ 35 ಕೂಡ ಇದೆ. ಆಗ್ಫಾದ ಹಿಂದಿನ ಕೆಂಪು ಕಿಂಡಿಯಲ್ಲಿ 5 ಅಂತ ಕಾಣುತ್ತಿದೆ, ಅಂದರೆ ಒಳಗೆ ರೀಲು ಇದೆ. ಶಿವಮೊಗ್ಗದಲ್ಲಿ ಎರಡು ಸ್ಟುಡಿಯೋಗಳಲ್ಲಿ ಕೇಳಿದೆ. 'ಇದನ್ನೆಲ್ಲ ಈಗ ಯಾರು ಮಾಡ್ತಾರೆ ಮಾರಾಯ್ರೆ' ಅಂತ ನಕ್ಕರು. ಫಿಲ್ಮ್ ಎಲ್ಲಿ ಕೊಳ್ಳಬೇಕು? ಎಲ್ಲಿ ತೊಳೆಸಬೇಕು? ಒಳಗಿರುವ ರೀಲನ್ನು ಏನು ಮಾಡಲಿ?

ಉತ್ತರ: ಬೇರೆ ಮಾತೆಲ್ಲ ಆಮೇಲೆ. ಆ ಆಗ್ಫಾದ ಹಿಂಬಾಗಿಲು ತೆಗೆಯಬೇಡಿ. 'ಸ್ವಲ್ಪ ಇಣುಕಿ ನೋಡೋಣ' ಅಂತಲೂ ಬೇಡ. ಕೆಂಪು ಕಿಂಡಿಯ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆ ರೀಲಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಯಾಕೆಂದರೆ ಅದನ್ನು ತೊಳೆಯಬೇಕಾದದ್ದೂ ಕೊನೆಯಲ್ಲೇ.

ಹಳೆ ಕ್ಯಾಮೆರಾ ಸಿಕ್ಕವರೆಲ್ಲ ಮೊದಲು ಕೇಳುವುದು 'ಫಿಲ್ಮ್ ಎಲ್ಲಿ ಸಿಗುತ್ತೆ' ಅಂತ. ನಿಜ ಹೇಳಬೇಕೆಂದರೆ ಅದು ಸುಲಭದ ಪ್ರಶ್ನೆ. ಕೊರಿಯರ್ ಬರುವ ಊರಿಗೆಲ್ಲ ಫಿಲ್ಮ್ ಬರುತ್ತದೆ. ಕಷ್ಟ ಇರುವುದು ತೊಳೆಯುವುದರಲ್ಲಿ. ಆಸೆಪಟ್ಟು ರೀಲು ತರಿಸಿ, 36 ಫೋಟೋ ತೆಗೆದು, ಆಮೇಲೆ ಯಾರಿಗೆ ಕೊಡುವುದು ಅಂತ ತಿಳಿಯದೆ ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನನ್ನ ಲೆಕ್ಕ ಉಲ್ಟಾ. ಮೊದಲು ತೊಳೆಯುವವರನ್ನು ಗೊತ್ತು ಮಾಡಿಕೊಳ್ಳಿ. ಅವರು ಏನು ತೊಳೆಯುತ್ತಾರೋ ಆ ಫಿಲ್ಮ್ ಕೊಳ್ಳಿ.

ಸ್ಟುಡಿಯೋದವರು ನಕ್ಕಿದ್ದಕ್ಕೆ ಬೇಜಾರು ಬೇಡ. ಅವರ ಕಷ್ಟ ಬೇರೆ. ಕಲರ್ ರೀಲು ತೊಳೆಯುವ ವಿಧಾನಕ್ಕೆ ಸಿ-41 ಅಂತ ಹೆಸರು. 1972ರಲ್ಲಿ ಕೊಡಕ್ ತಂದದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ, 38 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಅರ್ಧ ಡಿಗ್ರಿ ಆಚೆ ಈಚೆ ಆದರೂ ಬಣ್ಣ ಕೆಡುತ್ತದೆ. 'ಒಂದು ಗಂಟೆಯಲ್ಲಿ ಕಾಪಿ' ಅಂತ ಬೋರ್ಡು ಹಾಕಿದ್ದ ಕಲರ್ ಲ್ಯಾಬ್‌ಗಳು ನೆನಪಿವೆಯಾ? ಅಲ್ಲಿದ್ದ ದೊಡ್ಡ ಯಂತ್ರ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತಿತ್ತು. ಆದರೆ ಅದರೊಳಗಿನ ರಾಸಾಯನಿಕ ಹೋಟೆಲಿನ ದೋಸೆ ಹಿಟ್ಟಿದ್ದ ಹಾಗೆ. ದಿನಾ ಖರ್ಚಾಗುತ್ತಿದ್ದರೆ ದಿನಾ ಹೊಸದು ಬೀಳುತ್ತದೆ, ರುಚಿ ಒಂದೇ ಥರ ಇರುತ್ತದೆ. ಗಿರಾಕಿ ಬರದಿದ್ದರೆ ಹುಳಿಯಾಗುತ್ತದೆ. ದಿನಕ್ಕೆ ಐವತ್ತು ರೀಲು ಬರುತ್ತಿದ್ದ ಕಡೆ ವಾರಕ್ಕೆ ಒಂದು ಬಂದರೆ ಯಂತ್ರ ಓಡಿಸುವುದೇ ನಷ್ಟ. ಹಾಗಾಗಿ ಒಬ್ಬೊಬ್ಬರೇ ಗುಜರಿಗೆ ಹಾಕಿದರು.

ಇದರಿಂದ ನಾವು ತಿಳಿದುಕೊಳ್ಳಬೇಕಾದ್ದು ಒಂದಿದೆ. ಹತ್ತಿರದಲ್ಲಿದೆ ಅಂತ ಅಪರೂಪಕ್ಕೊಮ್ಮೆ ತೊಳೆಯುವವರಿಗೆ ಕೊಡುವುದಕ್ಕಿಂತ, ದೂರ ಇದ್ದರೂ ಜಾಸ್ತಿ ರೀಲು ಬರುವ ಲ್ಯಾಬಿಗೆ ಅಂಚೆಯಲ್ಲಿ ಕಳಿಸುವುದು ವಾಸಿ. ಶಿವಮೊಗ್ಗದಲ್ಲಿ ಹುಡುಕುವುದನ್ನು ಬಿಟ್ಟುಬಿಡಿ. ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿ ಇವುಗಳಲ್ಲಿ ನೋಡಿ. ಹೊಸ ಹುಡುಗರು ನಡೆಸುವ ಸಣ್ಣ ಸಣ್ಣ ಫಿಲ್ಮ್ ಲ್ಯಾಬ್‌ಗಳು ಈಗ ದೊಡ್ಡ ಊರುಗಳಲ್ಲಿ ಇವೆ. ಅವರು ಅಂಚೆಯಲ್ಲೇ ರೀಲು ತರಿಸಿಕೊಂಡು, ತೊಳೆದು, ಸ್ಕ್ಯಾನ್ ಮಾಡಿ ಮೊಬೈಲಿಗೆ ಕಳಿಸಿ, ನೆಗೆಟಿವ್ ವಾಪಸ್ ಹಾಕುತ್ತಾರೆ. ಹಳಬರನ್ನೂ ಮರೆಯಬೇಡಿ. ಬೆಂಗಳೂರಿನಲ್ಲಿ ಫಿಲ್ಮ್ ಕಾಲ ನೋಡಿದವರಿಗೆಲ್ಲ ಎಂ.ಜಿ. ರಸ್ತೆಯ ಜಿ.ಕೆ. ವೇಲ್ ಸ್ಟುಡಿಯೋ ಗೊತ್ತು. ಅಂಥ ಕಡೆಗೂ ಒಂದು ಫೋನ್ ಮಾಡಿ ನೋಡಿ. ಸುಮ್ನೆ ಬಸ್ಸು ಹತ್ತಿ ಹೋಗಬೇಡಿ. ನಿನ್ನೆ ತೊಳೆಯುತ್ತಿದ್ದವರು ಇವತ್ತು ನಿಲ್ಲಿಸಿರಬಹುದು.

ಫೋನಿನಲ್ಲಿ 'ಫಿಲ್ಮ್ ತೊಳೀತೀರಾ' ಅಂತ ಮಾತ್ರ ಕೇಳಿದರೆ ಸಾಲದು. 'ಹೂಂ' ಅನ್ನುತ್ತಾರೆ, ಅಷ್ಟೆ. ಕಲರ್ ಯಾವ ವಾರ ತೊಳೆಯುತ್ತೀರಿ ಅಂತ ಕೇಳಿ. 'ಸಾಕಷ್ಟು ರೀಲು ಸೇರಿದ ಮೇಲೆ ಒಟ್ಟಿಗೆ' ಅಂದರೆ ಅದು ಒಳ್ಳೆಯ ಉತ್ತರ, ಹೊಸ ರಾಸಾಯನಿಕ ಕಲಸುತ್ತಾರೆ ಅಂತ ಅರ್ಥ. ಬ್ಲ್ಯಾಕ್ ಆಂಡ್ ವೈಟ್ ನೀವೇ ಮಾಡುತ್ತೀರೋ, ಬೇರೆಯವರಿಗೆ ಕಳಿಸುತ್ತೀರೋ ಅಂತ ಕೇಳಿ. 120 ರೀಲು ತೊಳೆಯುತ್ತೀರಾ ಅಂತ ತಪ್ಪದೆ ಕೇಳಿ, ಯಾಕೆಂದರೆ ನಿಮ್ಮ ಆಗ್ಫಾಕ್ಕೆ ಬೇಕಾದದ್ದು ಅದು, ಹಲವರ ಹತ್ತಿರ 35 ಎಂ.ಎಂ.ಗೆ ಮಾತ್ರ ವ್ಯವಸ್ಥೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ನೆಗೆಟಿವ್ ವಾಪಸ್ ಕೊಡುತ್ತೀರಾ ಅಂತ. ನನಗೊಮ್ಮೆ ಒಂದು ಕಡೆ ಸ್ಕ್ಯಾನ್ ಮಾತ್ರ ಕಳಿಸಿದರು. ನೆಗೆಟಿವ್ ಎಲ್ಲಿ ಅಂದರೆ 'ಯಾರೂ ಕೇಳಲ್ಲ ಸರ್, ಎಸೆದುಬಿಟ್ವಿ' ಅಂದರು. ಮೂರು ದಿನದ ಯಕ್ಷಗಾನದ ಫೋಟೋ ಅದು. ಸ್ಕ್ಯಾನ್ ಅನ್ನುವುದು ಕಾಪಿ. ನೆಗೆಟಿವ್ ಇದ್ದರೆ ಐವತ್ತು ವರ್ಷ ಬಿಟ್ಟೂ ಮತ್ತೆ ಕಾಪಿ ತೆಗೆಯಬಹುದು.

ಈಗ ಯಾವ ರೀಲು ಅಂತ ನೋಡೋಣ. ನಿಮ್ಮ ಅದೃಷ್ಟ ಚೆನ್ನಾಗಿದೆ, ಎರಡೂ ಕ್ಯಾಮೆರಾಕ್ಕೆ ಬೇಕಾದ ಅಳತೆ ಇನ್ನೂ ತಯಾರಾಗುತ್ತಿದೆ. ಕ್ಲಿಕ್ 3 ನಮ್ಮ ದೇಶದಲ್ಲೇ, ಬರೋಡಾದಲ್ಲಿ ತಯಾರಾದ ಕ್ಯಾಮೆರಾ. ಒಂದು ಕಾಲಕ್ಕೆ ಸಾಮಾನ್ಯ ಜನರ ಮನೆಯಲ್ಲಿ ಕ್ಯಾಮೆರಾ ಅಂತ ಇದ್ದರೆ ಹೆಚ್ಚಾಗಿ ಇದೇ. ಅದಕ್ಕೆ ಬೇಕಾದ್ದು 120 ರೀಲು. ಡಬ್ಬಿ ಇಲ್ಲ, ಹಿಂದೆ ಕಪ್ಪು ಕಾಗದ ಅಂಟಿಸಿ ಸುರುಳಿ ಸುತ್ತಿರುತ್ತಾರೆ. ಕೊಡಕ್ ಇದನ್ನು 1901ರಲ್ಲಿ ಶುರು ಮಾಡಿತು. ಆ ಕಾಲದ ಎಷ್ಟೋ ಅಳತೆಗಳು ಹೋದವು, ಇದು ಮಾತ್ರ ಉಳಿಯಿತು. ಯಾಶಿಕಾಕ್ಕೆ ಬೇಕಾದ್ದು ಎಲ್ಲರಿಗೂ ಗೊತ್ತಿರುವ 35 ಎಂ.ಎಂ. ಡಬ್ಬಿ, ಅದು 1934ರದ್ದು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಿಮ್ಮ ಕ್ಯಾಮೆರಾದ ಒಳಗೆ 620 ಅಂತ ಬರೆದಿದ್ದರೆ ಆ ರೀಲನ್ನು ಕೊಡಕ್ 1995ರಲ್ಲೇ ನಿಲ್ಲಿಸಿದೆ. ಆದರೆ ಫಿಲ್ಮ್ 120ರದ್ದೇ, ಸುತ್ತುವ ಸ್ಪೂಲ್ ಮಾತ್ರ ಸಣ್ಣ. ಕತ್ತಲಲ್ಲಿ 120ನ್ನು ಬಿಚ್ಚಿ ಹಳೆಯ ಸ್ಪೂಲಿಗೆ ಸುತ್ತಿಕೊಳ್ಳಬಹುದು. ಹಾಗಾಗಿ ಒಳಗಿರುವ ಖಾಲಿ ಸ್ಪೂಲನ್ನು ದಯವಿಟ್ಟು ಎಸೆಯಬೇಡಿ. 127 ಮತ್ತು 110 ಅಳತೆಯ ರೀಲನ್ನು ಹೊರದೇಶದಲ್ಲಿ ಕೆಲವರು ಮಾಡುತ್ತಾರೆ, ದುಬಾರಿ. 126ರ ಇನ್‌ಸ್ಟಾಮ್ಯಾಟಿಕ್ ಇದ್ದರೆ ಷೋಕೇಸಿನಲ್ಲಿ ಇಡಿ, ತಲೆನೋವು ಬೇಡ.

ನಮ್ಮ ಪಕ್ಕದ ಊಟಿಯಲ್ಲೇ ಒಂದು ಕಾಲಕ್ಕೆ ಫಿಲ್ಮ್ ತಯಾರಾಗುತ್ತಿತ್ತು ಅಂತ ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅಂತ ಸರ್ಕಾರಿ ಕಂಪನಿ, 1960ರಲ್ಲಿ ಸ್ಥಾಪನೆಯಾದದ್ದು. 'ಇಂದು' ಅನ್ನುವ ಹೆಸರಿನ ಬ್ಲ್ಯಾಕ್ ಆಂಡ್ ವೈಟ್ ಫಿಲ್ಮ್, ಪೇಪರ್ ಅಲ್ಲಿಂದ ದೇಶಕ್ಕೆಲ್ಲ ಹೋಗುತ್ತಿತ್ತು. ಗುಂಡ್ಲುಪೇಟೆ ದಾಟಿ ಘಾಟಿ ಹತ್ತಿದರೆ ಸಿಗುವ ಊರು. ನಿಮ್ಮ ಅಜ್ಜನ ರೀಲೂ ಇಂದು ಆಗಿದ್ದರೆ ಆಶ್ಚರ್ಯವಿಲ್ಲ. ಆ ಕಾರ್ಖಾನೆ ಈಗ ಮುಚ್ಚಿದೆ. ಇವತ್ತು ಅಂಗಡಿಯಲ್ಲಿ ಸಿಗುವುದೆಲ್ಲ ಹೊರಗಿನ ಮಾಲು. ಕೊಡಕ್ ಅಮೆರಿಕದ ರೋಚೆಸ್ಟರ್‌ನಿಂದ, ಇಲ್ಫೋರ್ಡ್ ಇಂಗ್ಲೆಂಡಿನಿಂದ, ಫೋಮಾ ಜೆಕ್ ದೇಶದಿಂದ ಬರುತ್ತದೆ. ಅದಕ್ಕೇ ಬೆಲೆ ಜಾಸ್ತಿ.

ಎಲ್ಲಿ ಕೊಳ್ಳುವುದು? ಮುಂಬಯಿಯ ಸೃಷ್ಟಿ ಡಿಜಿಲೈಫ್ ಅನ್ನುವವರು ಫಿಲ್ಮ್, ರಾಸಾಯನಿಕ, ತೊಳೆಯುವ ಸಾಮಾನು ಎಲ್ಲ ಮಾರುತ್ತಾರೆ, ಮನೆಗೆ ಕಳಿಸುತ್ತಾರೆ. ಫಿಲ್ಮ್ ಲ್ಯಾಬ್‌ಗಳು ಸಾಮಾನ್ಯವಾಗಿ ತಾವೂ ರೀಲು ಮಾರುತ್ತವೆ, ಹಾಗಾಗಿ ಎರಡೂ ಕೆಲಸ ಒಂದೇ ವಿಳಾಸದಲ್ಲಿ ಮುಗಿಯಬಹುದು. ಊರು ಸುತ್ತುವ ಹವ್ಯಾಸ ಇದ್ದರೆ ಮುಂಬಯಿ ಕೋಟೆ ಪ್ರದೇಶದ ಬೋರಾ ಬಜಾರ್, ದೆಹಲಿ ಚಾಂದನಿ ಚೌಕದ ಕೂಚಾ ಚೌಧರಿ, ಕೋಲ್ಕತ್ತದ ಮೆಟ್ರೋ ಗಲ್ಲಿ ನೋಡಬೇಕಾದ ಜಾಗಗಳು. ಕ್ಯಾಮೆರಾ ರಿಪೇರಿ ಮಾಡುವವರು, ಹಳೆ ಲೆನ್ಸು ಮಾರುವವರು ಸಾಲಾಗಿ ಕೂತಿರುತ್ತಾರೆ. ಆದರೆ ಅಲ್ಲಿ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಒಣಗಿದ ರೀಲು ಕಂಡರೆ ಅಗ್ಗ ಅಂತ ಕೊಳ್ಳಬೇಡಿ. ದಿನಾಂಕ ಮೀರಿದ ಫಿಲ್ಮ್ ಫ್ರಿಜ್‌ನಲ್ಲಿ ಇದ್ದದ್ದಾದರೆ ಪರವಾಗಿಲ್ಲ, ಕಪಾಟಿನದ್ದು ಬೇಡ. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತದೆ. ಬೆಲೆ ಒಮ್ಮೊಮ್ಮೆ ಎರಡು ಪಟ್ಟು ಇರುತ್ತದೆ, ಎರಡು ಕಡೆ ಹೋಲಿಸಿ ನೋಡಿ.

ಹೊರದೇಶದಲ್ಲಿ ಮಗನೋ ಮಗಳೋ ಇದ್ದರೆ ಊರಿಗೆ ಬರುವಾಗ ತರಲು ಹೇಳಿ. ನ್ಯೂಯಾರ್ಕಿನ ಬಿ ಆಂಡ್ ಎಚ್, ಬರ್ಲಿನ್ನಿನ ಫೋಟೋಇಂಪೆಕ್ಸ್, ಇಂಗ್ಲೆಂಡಿನ ಅನಲಾಗ್ ವಂಡರ್‌ಲ್ಯಾಂಡ್ ಈ ಹೆಸರುಗಳು ನೆನಪಿರಲಿ. ಅಲ್ಲಿಂದ ನೀವೇ ಪಾರ್ಸೆಲ್ ತರಿಸಿದರೆ ಸುಂಕ ಸೇರಿ ಲಾಭ ಉಳಿಯುವುದಿಲ್ಲ. ತರುವವರು ರೀಲನ್ನು ಕೈಚೀಲದಲ್ಲಿ ಇಟ್ಟು, ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಲಿ. ಹೊಸ ಸಿಟಿ ಸ್ಕ್ಯಾನರ್‌ಗಳು ಫಿಲ್ಮನ್ನು ಕೆಡಿಸುತ್ತವೆ. ಲಗೇಜಿನಲ್ಲಂತೂ ಹಾಕಲೇಬಾರದು.

ಯಾಶಿಕಾಕ್ಕೆ ಮೊದಲ ರೀಲು ಯಾವುದು ಅಂದರೆ, ಕಲರ್ ಬೇಕಾದರೆ ಕೊಡಕ್ ಗೋಲ್ಡ್ 200. ಬ್ಲ್ಯಾಕ್ ಆಂಡ್ ವೈಟ್ ಇಷ್ಟ, ಆದರೆ ಅದನ್ನು ತೊಳೆಯುವವರು ಸಿಕ್ಕಲಿಲ್ಲ ಅಂದರೆ ಇಲ್ಫೋರ್ಡ್ ಎಕ್ಸ್‌ಪಿ2 ಸೂಪರ್ ತೆಗೆದುಕೊಳ್ಳಿ. ಇದು ಬ್ಲ್ಯಾಕ್ ಆಂಡ್ ವೈಟ್ ಚಿತ್ರ ಕೊಡುವ, ಆದರೆ ಕಲರ್ ರೀಲಿನ ಸಿ-41ರಲ್ಲೇ ತೊಳೆಯುವ ಫಿಲ್ಮ್. ಇಂಥದ್ದೊಂದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 36ರ ಒಂದು ರೀಲಿಗೆ ಈಗ ಸಾವಿರದ ಆಸುಪಾಸು, ತೊಳೆದು ಸ್ಕ್ಯಾನ್ ಮಾಡಿಸಲು ಇನ್ನೂ ಕೆಲವು ನೂರು. ಅಂದರೆ ಒಂದು ಕ್ಲಿಕ್ಕಿಗೆ ನಲವತ್ತು ರೂಪಾಯಿ ಹತ್ತಿರ. ಮೊಬೈಲಿನಲ್ಲಿ ತೆಗೆದ ಹಾಗೆ ಒಂದೇ ಊಟದ ತಟ್ಟೆಯನ್ನು ಎಂಟು ಸಲ ತೆಗೆಯುವ ಹಾಗಿಲ್ಲ!

ಅಗ್ಗದ ಒಂದು ದಾರಿ ಇದೆ, ಅದರಲ್ಲಿ ಒಂದು ಗುಂಡಿಯೂ ಇದೆ. ಸಿನಿಮಾ ಶೂಟಿಂಗಿನ ಕೊಡಕ್ ವಿಷನ್3 ಫಿಲ್ಮನ್ನು ತುಂಡು ಮಾಡಿ 35 ಎಂ.ಎಂ. ಡಬ್ಬಿಗೆ ತುಂಬಿ ಮಾರುವವರಿದ್ದಾರೆ. 250ಡಿ, 500ಟಿ ಅಂತೆಲ್ಲ ಬರೆದಿರುತ್ತದೆ. ಬಣ್ಣ ಚೆನ್ನಾಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ಇಷ್ಟು ವರ್ಷ ಬಂದ ಈ ಫಿಲ್ಮಿನ ಬೆನ್ನಿಗೆ ರೆಮ್‌ಜೆಟ್ ಅನ್ನುವ ಮಸಿಯ ಪದರ ಇರುತ್ತದೆ. ಅದನ್ನು ತೆಗೆಯದೆ ಮಾಮೂಲಿ ಯಂತ್ರಕ್ಕೆ ಹಾಕಿದರೆ ಮಸಿ ಕಳಚಿ ರಾಸಾಯನಿಕವೆಲ್ಲ ಕೊಳಕಾಗುತ್ತದೆ. ಬೇರೆಯವರ ಮದುವೆ ರೀಲಿಗೂ ಮೆತ್ತಿಕೊಳ್ಳುತ್ತದೆ. ಹಾಗಾಗಿ ಅಂಥ ರೀಲು ಕಳಿಸಿದರೆ ಲಕೋಟೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ. ಸುಮ್ಮನೆ ಕಳಿಸಿದರೆ ಮುಂದಿನ ಸಲ ನಿಮ್ಮ ಫೋನು ಎತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ ಹೇಳುತ್ತೇನೆ. ಕಲರ್ ಲ್ಯಾಬಿಗೆ ಕಳಿಸಿ, ಬ್ಲ್ಯಾಕ್ ಆಂಡ್ ವೈಟ್ ಮನೆಯಲ್ಲೇ ತೊಳೆಯಿರಿ. ಡಾರ್ಕ್‌ರೂಮ್ ಕಟ್ಟಬೇಕಿಲ್ಲ. ಬೇಕಾದದ್ದು ಬೆಳಕು ನುಗ್ಗದ ಒಂದು ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಡೆವಲಪಿಂಗ್ ಟ್ಯಾಂಕ್ ಅನ್ನುತ್ತಾರೆ, ಪ್ಯಾಟರ್ಸನ್ ಕಂಪನಿಯದ್ದು ಹೆಸರುವಾಸಿ. ಅದರೊಳಗಿನ ಚಕ್ರಕ್ಕೆ ಫಿಲ್ಮ್ ಸುತ್ತುವ ಎರಡು ನಿಮಿಷ ಮಾತ್ರ ಪೂರಾ ಕತ್ತಲು ಬೇಕು. ಮುಚ್ಚಳ ಹಾಕಿದ ಮೇಲೆ ಅಡುಗೆಮನೆಯ ಬೆಳಕಿನಲ್ಲೇ ಮಿಕ್ಕ ಕೆಲಸ. ಮಲೆನಾಡಿನಲ್ಲಿ ಪೂರಾ ಕತ್ತಲಿಗೇನು ಬರ, ಮಳೆಗಾಲದ ರಾತ್ರಿ ಕರೆಂಟು ಹೋದಾಗ ಮಾಡಿ. ಆದರೂ ಕಿಟಕಿಗೆ ಕಂಬಳಿ ಹಾಕಿ, ಇನ್ವರ್ಟರಿನ ಕೆಂಪು ದೀಪಕ್ಕೂ ಏನಾದರೂ ಮುಚ್ಚಿ.

ಡೆವಲಪರ್‌ನಲ್ಲಿ ಡಿ-76 ಅಂತ ಒಂದಿದೆ. ಕೊಡಕ್ 1927ರಿಂದ ಮಾಡಿಕೊಂಡು ಬಂದದ್ದು, ಅದರ ಲೆಕ್ಕ ಬಚ್ಚಿಟ್ಟದ್ದೇನಲ್ಲ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಕಾಲೇಜು ಲ್ಯಾಬುಗಳಿಗೆ ರಾಸಾಯನಿಕ ಕೊಡುವ ಅಂಗಡಿಗಳಲ್ಲಿ ಕೇಳಿದರೆ ಈ ನಾಲ್ಕನ್ನೂ ತರಿಸಿಕೊಡುತ್ತಾರೆ. ಮುಕ್ಕಾಲು ಲೀಟರ್ ನೀರನ್ನು 50 ಡಿಗ್ರಿಗೆ ಬಿಸಿ ಮಾಡಿ. ಚಿಟಿಕೆ ಸಲ್ಫೈಟ್ ಹಾಕಿ ಆಮೇಲೆ ಮೆಟಾಲ್ ಹಾಕಿ. ಸಲ್ಫೈಟ್ ಎಲ್ಲ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಅದು ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಬೋರಾಕ್ಸ್ ಹೀಗೆ ಒಂದಾದ ಮೇಲೆ ಒಂದು. ಕೊನೆಗೆ ಲೀಟರ್ ತುಂಬುವಷ್ಟು ತಣ್ಣೀರು. ಇದನ್ನು ಅಡುಗೆ ಪಾತ್ರೆಯಲ್ಲಿ ಮಾಡಬೇಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕೆಲವರಿಗೆ ಮೆಟಾಲ್‌ನಿಂದ ಚರ್ಮ ತುರಿಸುತ್ತದೆ. ಈ ತಾಪತ್ರಯ ಬೇಡ ಅಂದರೆ ಪೊಟ್ಟಣದಲ್ಲಿ ತಯಾರಾಗಿಯೇ ಸಿಗುತ್ತದೆ.

ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲಾದರೆ ನೀರು ಬೆರೆಸದ ಡಿ-76ರಲ್ಲಿ, 20 ಡಿಗ್ರಿಯಲ್ಲಿ, ಏಳೂವರೆ ನಿಮಿಷ. ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡ್ ಡಬ್ಬಿಯನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಿರಿ. ಡೆವಲಪರ್ ಚೆಲ್ಲಿ, ಒಂದು ಸಲ ನೀರು ಹಾಕಿ ಕುಲುಕಿ, ನಂತರ ಫಿಕ್ಸರ್, ಅಂದರೆ ಮೂಡಿದ ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡುವ ರಾಸಾಯನಿಕ. ನಮ್ಮ ಸ್ಟುಡಿಯೋಗಳಲ್ಲಿ ಇದನ್ನು ಹೈಪೋ ಅಂತಲೇ ಕರೆಯುವುದು. ಅದಾದ ಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆದು ಕ್ಲಿಪ್ ಹಾಕಿ ನೇತುಹಾಕಿ. ನಾನು ಕಲಿಯುವ ಕಾಲದಲ್ಲಿ ಎರಡು ಬಾಟಲಿಗೂ ಚೀಟಿ ಅಂಟಿಸದೆ, ಹೈಪೋವನ್ನೇ ಮೊದಲು ಸುರಿದೆ. ರೀಲು ಹೊರಗೆ ತೆಗೆದರೆ ಗಾಜಿನ ಹಾಗೆ ತಿಳಿಯಾಗಿತ್ತು. ಅದರಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ ಇತ್ತು. ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಬಾಟಲಿಗೆ ಚೀಟಿ ಅಂಟಿಸಿ.

20 ಡಿಗ್ರಿ ಅನ್ನುವುದು ಯೂರೋಪಿನವರ ಲೆಕ್ಕ. ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ಬಿಟ್ಟರೆ ನಲ್ಲಿ ನೀರು ಅಷ್ಟು ತಣ್ಣಗೆ ಇರುವುದಿಲ್ಲ. ಮಂಗಳೂರು, ಉಡುಪಿ ಕಡೆ 27, 28 ಸಾಮಾನ್ಯ. ದೊಡ್ಡ ಬೇಸಿನ್‌ನಲ್ಲಿ ನೀರು ಹಾಕಿ, ಐಸ್ ತುಂಡು ಬಿಟ್ಟು, ಬಾಟಲಿಗಳನ್ನು ಅದರಲ್ಲಿ ಕೂರಿಸಿ. 24ರವರೆಗೂ ಸಮಯ ಕಡಿಮೆ ಮಾಡಿಕೊಂಡು ನಿಭಾಯಿಸಬಹುದು. ಆದರೆ ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಇನ್ನು ಬಯಲುಸೀಮೆಯ ಬೋರ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಸುಣ್ಣದ ಕಲೆ ಉಳಿಯುತ್ತದೆ. ಕೊನೆಯ ಸಲ ಮಾತ್ರ ಡಿಸ್ಟಿಲ್ಡ್ ನೀರು ಬಳಸಿ. ನಿಮ್ಮ ಸಾಗರದ ಬಾವಿ ನೀರಿಗೆ ಆ ಚಿಂತೆ ಇರಲಾರದು. ನಿಮ್ಮ ಚಿಂತೆ ಒಣಗಿಸುವುದು. ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಬೆಂಕಿ ಹತ್ತಿರ, ಹೇರ್ ಡ್ರೈಯರ್ ಹತ್ತಿರ ಒಯ್ಯಬೇಡಿ, ಧೂಳು ಹಸಿ ಫಿಲ್ಮಿಗೆ ಕಚ್ಚಿಕೊಳ್ಳುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿ ರಾತ್ರಿಯಿಡೀ ಬಿಡಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಹಿಂದೆ ಅದನ್ನು ಸ್ಟುಡಿಯೋಗಳಿಂದ ಕೊಂಡುಹೋಗುವವರೇ ಇದ್ದರು. ಅಡಿಕೆ ತೋಟಕ್ಕೂ ಬಾವಿ ಕಡೆಗೂ ಚೆಲ್ಲಬೇಡಿ.

ರಾಸಾಯನಿಕ ಬೇಡವೇ ಬೇಡ ಅನ್ನುವವರಿಗೆ ಕಾಫಿ ಇದೆ. ತಮಾಷೆಯಲ್ಲ. ಕೆಫೆನಾಲ್ ಅಂತ ಅದಕ್ಕೆ ಹೆಸರು. 1995ರಲ್ಲಿ ರೋಚೆಸ್ಟರ್‌ನ ತಾಂತ್ರಿಕ ಕಾಲೇಜಿನ ಒಂದು ತರಗತಿಯಲ್ಲಿ ಹುಟ್ಟಿದ್ದು. ಒಂದು ಲೀಟರ್ ನೀರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫಿಕ್ ಆಮ್ಲದಂಥವು. ಅವು ರೊಬಸ್ಟಾದಲ್ಲಿ ಜಾಸ್ತಿ, ಹಾಗಾಗಿ ಅತಿ ಅಗ್ಗದ ಪುಡಿಯೇ ಒಳ್ಳೆಯದು. ಚಿಕ್ಕಮಗಳೂರಿನ ಒಳ್ಳೆಯ ಅರೇಬಿಕಾವನ್ನು ಇದಕ್ಕೆ ಸುರಿದರೆ ಪಾಪ ತಗಲುತ್ತದೆ. ಅಡುಗೆ ಸೋಡಾ ಹಾಕಿದರೆ ಕೆಲಸ ಆಗುವುದಿಲ್ಲ, ವಾಷಿಂಗ್ ಸೋಡಾವೇ ಬೇಕು. ವಾಸನೆ ಮಾತ್ರ ಕೇಳಬೇಡಿ, ಮನೆಯವರು ಕೊಟ್ಟಿಗೆಗೆ ಅಟ್ಟುತ್ತಾರೆ. ಇದಾದ ಮೇಲೂ ಹೈಪೋ ಬೇಕೇ ಬೇಕು.

ಕಲಿಸುವವರು ಬೇಕು ಅಂದರೆ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, 1971ರಿಂದ ನಡೆದುಕೊಂಡು ಬಂದ ಸಂಘ. ಅಂಥ ಕಡೆ ಡಾರ್ಕ್‌ರೂಮಿನಲ್ಲೇ ಕೂದಲು ನರೆತ ಹಿರಿಯರು ಸಿಗುತ್ತಾರೆ. ನಿಮ್ಮ ಜಿಲ್ಲೆಯಲ್ಲೂ ಹುಡುಕಿ. ಈಗ ಮಗನಿಗೆ ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿರುವ ಹಳೆ ಸ್ಟುಡಿಯೋ ಮಾಲೀಕರನ್ನು ಹೋಗಿ ಮಾತಾಡಿಸಿ. ನಕ್ಕವರು ಮಗ ಇರಬೇಕು, ಅಪ್ಪ ನಗುವುದಿಲ್ಲ. ಅಟ್ಟದಿಂದ ಟ್ಯಾಂಕು, ಥರ್ಮಾಮೀಟರು ಇಳಿಸಿ ಸುಮ್ಮನೆ ಕೊಟ್ಟುಬಿಡುವವರೂ ಉಂಟು.

ಕ್ಯಾಮೆರಾ ವಿಷಯ ಎರಡು ಮಾತು. ಯಾಶಿಕಾ ಎಲೆಕ್ಟ್ರೋಕ್ಕೆ ಆಗ ಬರುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಇಲ್ಲ. 4ಎಲ್‌ಆರ್44 ಅನ್ನುವ 6 ವೋಲ್ಟಿನದ್ದನ್ನು ಕಾಗದ ಸುತ್ತಿ, ಒಂದು ಸ್ಪ್ರಿಂಗ್ ಇಟ್ಟು ಕೂರಿಸಿದರೆ ಸಾಕು, ಕ್ಯಾಮೆರಾ ತಕರಾರು ಮಾಡುವುದಿಲ್ಲ. ಬ್ಯಾಟರಿ ಇಲ್ಲದಿದ್ದರೂ ಶಟರ್ ಬಡಿಯುತ್ತದೆ, ಆದರೆ ಸೆಕೆಂಡಿನ 1/500ರ ವೇಗದಲ್ಲಿ ಮಾತ್ರ. ಹಾಗಾಗಿ 'ಕ್ಲಿಕ್ ಅನ್ನುತ್ತೆ, ಸರಿಯಿದೆ' ಅಂತ ಮೋಸ ಹೋಗಬೇಡಿ. ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜು ಕೈಗೆ ಅಂಟಿದರೆ ಅದು ಕೊಳೆತಿದೆ. ಕೆರೆದು ತೆಗೆದು, ಆ ಸಂದಿಗೆ ಕಪ್ಪು ಉಲ್ಲನ್ ದಾರ ಕೂರಿಸಿ. ಕ್ಲಿಕ್ 3ರಲ್ಲಿ ಕೆಡಲು ಹೆಚ್ಚೇನೂ ಇಲ್ಲ, ಶಟರ್ ವೇಗವೂ ಒಂದೇ, ಅದೂ ನಿಧಾನ. ಅದಕ್ಕೆ ಐಎಸ್‌ಒ 100ರ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ ಅದು) ಫೋಮಾಪ್ಯಾನ್ ಅಥವಾ 125ರ ಇಲ್ಫೋರ್ಡ್ ಎಫ್‌ಪಿ4 ಪ್ಲಸ್ ಹಾಕಿ ಬಿಸಿಲಿನಲ್ಲಿ ತೆಗೆಯಿರಿ, ಕೈ ಅಲುಗಿಸಬೇಡಿ. ಕೆಂಪು ಕಿಂಡಿ ಹುಟ್ಟಿದ್ದು ಕೆಂಪು ಬೆಳಕು ಕಾಣದ ಫಿಲ್ಮುಗಳ ಕಾಲದಲ್ಲಿ. ಈಗಿನ ಫಿಲ್ಮಿಗೆ ಕೆಂಪೂ ಕಾಣುತ್ತದೆ. ಅದಕ್ಕೇ ಆ ಟೇಪು, ನಂಬರ್ ನೋಡುವಾಗ ಮಾತ್ರ ನೆರಳಿನಲ್ಲಿ ಎತ್ತಿ.

ಈಗ ಅಜ್ಜನ ರೀಲಿಗೆ ಬರೋಣ. ಅದರಲ್ಲಿ ನಾಲ್ಕೋ ಐದೋ ಫೋಟೋ ಇರಬೇಕು. ಉಳಿದ ಜಾಗದಲ್ಲಿ ನೀವು ಹೊಸದಾಗಿ ತೆಗೆಯಲು ಹೋಗಬೇಡಿ. ಮಂದ ಬೆಳಕಿನ ಕೋಣೆಯಲ್ಲಿ ಗುಂಡಿಯನ್ನು ತೀರಾ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಹಳೆ ಕಾಗದ ಅಂಟಿಕೊಂಡಿರುತ್ತದೆ, ಜೋರು ಮಾಡಿದರೆ ಹರಿಯುತ್ತದೆ. ನಂಬರ್‌ಗಳು ಮುಗಿದು, ಕೈಗೆ ಹಗುರ ಅನ್ನಿಸಿದ ಮೇಲೆ ಹಿಂಬಾಗಿಲು ತೆಗೆದು, ಸುರುಳಿ ಸಡಿಲಾಗದ ಹಾಗೆ ಟೇಪ್ ಸುತ್ತಿ, ಗಾಳಿಯಾಡದ ಡಬ್ಬಿಗೆ ಹಾಕಿ. ತಿರುಗಿಸುವಾಗಲೇ ಬಿಗಿ ಹಿಡಿದರೆ ಒತ್ತಬೇಡಿ, ಪೂರಾ ಕತ್ತಲಲ್ಲಿ ತೆಗೆಯಬೇಕು. ಖಾಲಿಯಾದ ಸ್ಪೂಲ್ ಕ್ಯಾಮೆರಾದಲ್ಲೇ ಇರಲಿ, ಹೊಸ ರೀಲಿಗೆ ಅದೇ ಬೇಕು.

ಒಳಗಿರುವುದು ಕಲರ್ ಫಿಲ್ಮೇ ಆಗಿದ್ದರೂ ಬ್ಲ್ಯಾಕ್ ಆಂಡ್ ವೈಟ್ ಆಗಿ ತೊಳೆಯಿರಿ. ಸಿ-41 ಬರುವ ಮೊದಲಿನ ಕಲರ್ ಫಿಲ್ಮುಗಳಲ್ಲಿ ಚಿತ್ರ ಮೂಡುವ ಪದರ 38 ಡಿಗ್ರಿಯ ಬಿಸಿ ತಾಳುವುದಿಲ್ಲ, ಕಿತ್ತು ಬರಬಹುದು. ಬಣ್ಣವಂತೂ ಇಷ್ಟರಲ್ಲಿ ಹೋಗಿರುತ್ತದೆ. ಕೊಡಕ್‌ನ ಎಚ್‌ಸಿ-110 ಡೆವಲಪರ್ ಇಂಥ ಹಳೆ ರೀಲಿಗೆ ಚೆನ್ನಾಗಿ ಒಗ್ಗುತ್ತದೆ, ಮಬ್ಬು ಕಡಿಮೆ ಬರುತ್ತದೆ. ನಿಮಗೆ ಒಂದು ಅನುಕೂಲವೂ ಇದೆ. 120 ಸುರುಳಿಯನ್ನು ಕತ್ತಲಲ್ಲಿ ಬಿಚ್ಚಿದಾಗ ಮೊದಲು ಕೈಗೆ ಬರುವುದು ಕೊನೆಯ ಭಾಗ. ನಿಮ್ಮ ರೀಲಿನಲ್ಲಿ ಅಲ್ಲಿ ಏನೂ ಇಲ್ಲ, ಯಾಕೆಂದರೆ ಅಜ್ಜ ಐದಕ್ಕೇ ನಿಲ್ಲಿಸಿದ್ದಾರೆ. ಆ ತುದಿಯಿಂದ ನಾಲ್ಕು ಬೆರಳು ಅಗಲ ಕತ್ತರಿಸಿ ಅದನ್ನು ಮಾತ್ರ ಮೊದಲು ತೊಳೆದು ನೋಡಿ. ಎಷ್ಟು ಮಬ್ಬು ಹಿಡಿದಿದೆ, ಪದರ ಗಟ್ಟಿ ಇದೆಯಾ ಅಂತ ತಿಳಿಯುತ್ತದೆ. ಉಳಿದದ್ದು ಆಮೇಲೆ. ಕೈ ನಡುಗುತ್ತದೆ ಅನ್ನಿಸಿದರೆ ಕೆನಡಾದಲ್ಲಿ ಫಿಲ್ಮ್ ರೆಸ್ಕ್ಯೂ ಇಂಟರ್‌ನ್ಯಾಷನಲ್ ಅಂತ, ಇಂಥ ಹಳೆ ರೀಲುಗಳನ್ನೇ ತೊಳೆಯುವವರಿದ್ದಾರೆ. ಖರ್ಚು ಜಾಸ್ತಿ, ಕಾಯಬೇಕು.

ನೀವೇ ಮಾಡುವುದಾದರೆ ಇದು ನಿಮ್ಮ ಮೊದಲ ರೀಲು ಆಗಬಾರದು. ಎರಡನೆಯದೂ ಬೇಡ. ಕ್ಲಿಕ್ 3ರಲ್ಲಿ ಹೊಸ 120 ರೀಲು ಹಾಕಿ, ಅಂಗಳದ ತುಳಸಿಕಟ್ಟೆ, ಕೊಟ್ಟಿಗೆಯ ಕರು, ಏನು ಬೇಕಾದರೂ ತೆಗೆದು, ಮೂರು ರೀಲು ಮನೆಯಲ್ಲಿ ತೊಳೆದು ಕೈ ಪಳಗಿಸಿಕೊಳ್ಳಿ. ಹಳೆ ಫಿಲ್ಮ್ ಸುರುಳಿ ಬಿಡದೆ ಮುದುಡಿಕೊಳ್ಳುತ್ತದೆ. ಕತ್ತಲಲ್ಲಿ ಅದನ್ನು ಚಕ್ರಕ್ಕೆ ಏರಿಸುವುದು ಹೊಸಬರಿಗೆ ಆಗುವ ಕೆಲಸವಲ್ಲ. ಅಲ್ಲಿಯವರೆಗೆ ಅಜ್ಜನ ಡಬ್ಬಿ ಫ್ರಿಜ್‌ನಲ್ಲಿ ಉಪ್ಪಿನಕಾಯಿ ಪಕ್ಕ ಇರಲಿ. ಮೇಲೆ ದೊಡ್ಡದಾಗಿ 'ತೆಗೆಯಬೇಡಿ' ಅಂತ ಬರೆದಿಡಿ.